ಗೋಡೆ, ಕಲ್ಲು, ಕಾಂಕ್ರೀಟಿನ ಮೇಲೆ ಬಿಳಿ ಉಪ್ಪು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದು ದೀಪಾವಳಿಗೆ ಸುಣ್ಣ-ಬಣ್ಣದ ಮಾತು ಬಂದಾಗ ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಣ್ಣಿಗೆ ಬೀಳುತ್ತದೆ. ಕೆಲವರು ಸವಳು ಎನ್ನುತ್ತಾರೆ, ಕೆಲವರು ‘ಗ್ವಾಡಿ ಉಪ್ಪ ಬಿಟ್ಟೈತಿ’ ಎನ್ನುತ್ತಾರೆ. ಪೇಂಟ್ ಅಂಗಡಿಗೆ ಹೋದರೆ ಒಂದು ಡಬ್ಬಿ ಕೊಡುತ್ತಾರೆ. ಮುಂದಿನ ವರ್ಷ ಇನ್ನೊಂದು. ಇಲ್ಲಿನ ಉತ್ತರಗಳೆಲ್ಲ ಒಂದೇ ಕ್ರಮವನ್ನು ಹಿಡಿದಿವೆ: ಮೊದಲು ನೀರಿನ ದಾರಿ ಕಟ್ಟುವುದು, ಆಮೇಲೆ ಗೋಡೆ ಒಣಗಲು ಬಿಡುವುದು, ಆಮೇಲೆ ಉಪ್ಪು ತೆಗೆಯುವುದು, ಕಟ್ಟಕಡೆಗೆ ಬಣ್ಣ. ಈ ಕ್ರಮ ತಲೆಕೆಳಗಾದಲ್ಲೇ ದುಡ್ಡು ನೀರಾಗುವುದು.

ಇದು ಉಪ್ಪೋ, ಬೂಸ್ಟೋ, ಉದುರಿದ ಸುಣ್ಣವೋ? ಗುರುತಿಸುವುದು ಹೇಗೆ?

ಅದರ ಮೇಲೆ ಒಂದು ಹನಿ ನೀರು ಬಿಡಿ. ಬಿಳುಪು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಉಪ್ಪು. ಬೂಸ್ಟು ನೀರಿಗೆ ಕರಗುವುದಿಲ್ಲ. ಬೆರಳಿಂದ ಉಜ್ಜಿದರೆ ಜಿಡ್ಡಾಗಿ ಸವರಿಕೊಳ್ಳುತ್ತದೆ, ಮುಗ್ಗಲು ವಾಸನೆಯೂ ಇರುತ್ತದೆ. ಉಪ್ಪು ಬೆರಳ ನಡುವೆ ಒಣಗಿದ ಪುಡಿಯಾಗುತ್ತದೆ.

ನೀರಿಗೆ ಕರಗದೆ ಗಟ್ಟಿ ಪೊರೆಯಂತೆ ಕೂತಿದ್ದರೆ ಸ್ವಲ್ಪ ಹೆರೆದು ತಟ್ಟೆಗೆ ಹಾಕಿ, ಮೇಲೆ ವಿನೆಗರ್ ಬಿಡಿ. ನೊರೆ ಬಂದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸಿಮೆಂಟಿನೊಳಗಿಂದ ಹೊರಬಂದ ಸುಣ್ಣ. ಗೋಡೆಯ ಮೇಲೆಯೇ ಈ ಪರೀಕ್ಷೆ ಮಾಡಬೇಡಿ. ಗೋಡೆಗೆ ಹಳೆಯ ಸುಣ್ಣ ಹಚ್ಚಿದ್ದರೆ ಅದೂ ನೊರೆ ಕೊಡುತ್ತದೆ, ಏನೂ ತಿಳಿಯುವುದಿಲ್ಲ.

ಹತ್ತಿಯ ಎಳೆಯಂತೆ, ಸಣ್ಣ ಸೂಜಿಯಂತೆ ಉದ್ದಕ್ಕೆ ಬೆಳೆದು, ಕೈ ಆಡಿಸಿದರೆ ಉದುರಿದರೆ ಅದು ಬಹುತೇಕ ಸೋಡಿಯಂ ಸಲ್ಫೇಟ್. ಮೋಡ ಮುಸುಕಿದ ದಿನ, ಮಳೆ ತಾಗದ ಒಳಗೋಡೆಯೂ ತಾನಾಗಿ ಒದ್ದೆಯಾಗಿ ಕಪ್ಪಾದರೆ ಅಲ್ಲಿ ಕ್ಲೋರೈಡ್ ಅಥವಾ ನೈಟ್ರೇಟ್ ಇದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ನೀರು ಹೀರಿ ಕರಗುತ್ತದೆ. ಕ್ಯಾಲ್ಸಿಯಂ ನೈಟ್ರೇಟಿಗೆ ಶೇ 50ರ ಆಸುಪಾಸು ಸಾಕು. ನಾಲಿಗೆಗೆ ಹಚ್ಚಿ ರುಚಿ ನೋಡುವವರಿದ್ದಾರೆ. ಕೊಟ್ಟಿಗೆ, ಶೌಚಗುಂಡಿ ಪಕ್ಕದ ಗೋಡೆಯ ಉಪ್ಪು ಎಲ್ಲಿಂದ ಬಂದಿದೆ ಎಂದು ಗೊತ್ತಾದರೆ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮಳೆಗಾಲದಲ್ಲಿ ಇಲ್ಲದ್ದು ಚಳಿಗಾಲದಲ್ಲಿ ಯಾಕೆ ಕಾಣುತ್ತದೆ?

ಮಳೆಗಾಲದಲ್ಲಿ ಗೋಡೆ ತುಂಬ ನೀರಿರುತ್ತದೆ, ಉಪ್ಪು ಅದರಲ್ಲಿ ಕರಗಿಯೇ ಇರುತ್ತದೆ. ನವೆಂಬರಿನಿಂದ ಒಣ ಮೂಡಗಾಳಿ ಬೀಸತೊಡಗಿದಾಗ ನೀರು ನಿಧಾನವಾಗಿ ಹೊರಮೈಗೆ ಬಂದು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನೋಡಲು ಅಸಹ್ಯ, ಆದರೆ ಇಟ್ಟಿಗೆಗೆ ಹಾನಿ ಕಡಿಮೆ.

ಕೆಟ್ಟದ್ದು ನಡೆಯುವುದು ಮಾರ್ಚ್-ಏಪ್ರಿಲಿನಲ್ಲಿ. ಬಿಸಿಲಿಗೆ ಹೊರಮೈ ಬೇಗ ಒಣಗಿ, ನೀರು ಆರುವ ಜಾಗ ಕೆಲವು ಮಿಲಿಮೀಟರ್ ಒಳಕ್ಕೆ ಸರಿಯುತ್ತದೆ. ಹರಳು ಹೊರಗೆ ಬೆಳೆಯುವ ಬದಲು ರಂಧ್ರದೊಳಗೆ, ಪ್ಲಾಸ್ಟರಿನ ಬೆನ್ನಿಗೆ ಬೆಳೆಯುತ್ತದೆ. ಸೋಡಿಯಂ ಸಲ್ಫೇಟಿಗೆ ಇನ್ನೊಂದು ಗುಣವಿದೆ: 32 ಡಿಗ್ರಿಗಿಂತ ಕೆಳಗೆ, ತೇವ ಸಿಕ್ಕರೆ, ಒಂದು ಅಣುವಿಗೆ ಹತ್ತು ನೀರಿನ ಅಣು ಸೇರಿಸಿಕೊಂಡು ಗಾತ್ರದಲ್ಲಿ ಸುಮಾರು ನಾಲ್ಕು ಪಟ್ಟಾಗುತ್ತದೆ, ಬಿಸಿಲಲ್ಲಿ ಒಣಗಿ ಮತ್ತೆ ಕುಗ್ಗುತ್ತದೆ. ನಮ್ಮಲ್ಲಿ ಬೇಸಿಗೆಯ ಹಗಲು ಆ ಗಡಿ ದಾಟುತ್ತದೆ, ರಾತ್ರಿ ಅದರ ಕೆಳಗಿಳಿಯುತ್ತದೆ. ದಿನಾ ಒಂದು ಸುತ್ತು. ಪ್ಲಾಸ್ಟರ್ ಹಪ್ಪಳದಂತೆ ಎದ್ದು ಬೀಳುವುದು ಇದರಿಂದ. ಬಿಳಿ ಏನೂ ಕಾಣದೆ ಬರೀ ಪುಡಿ ಉದುರುತ್ತಿದ್ದರೆ ಉಪ್ಪಿಲ್ಲ ಎಂದುಕೊಳ್ಳಬೇಡಿ, ಉದುರಿದ ತುಂಡಿನ ಬೆನ್ನು ನೋಡಿ.

ಈ ಉಪ್ಪು ಬರುವುದಾದರೂ ಎಲ್ಲಿಂದ?

ನಮ್ಮ ಭಾಗದಲ್ಲಿ ಮೊದಲ ಹೆಸರು ನೆಲದ್ದು. ಧಾರವಾಡದ ಪಡುವಣ ಮಸಾರಿ (ಕೆಂಪು ಮಣ್ಣಿನ) ಸೀಮೆಯಲ್ಲಿ ಮಳೆ ಹೆಚ್ಚು, ನೀರು ಬಸಿದು ಹೋಗುತ್ತದೆ, ಉಪ್ಪೂ ಅದರ ಜೊತೆ ಇಳಿಯುತ್ತದೆ. ಹುಬ್ಬಳ್ಳಿಯಿಂದ ಮೂಡಲಿಗೆ ಅಣ್ಣಿಗೇರಿ, ನವಲಗುಂದ, ನರಗುಂದ, ರೋಣ, ಗದಗಿನ ಕಡೆ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ. ಎರಿ ಮಣ್ಣು ನೀರನ್ನು ಹಿಡಿದಿಟ್ಟು, ಮೇಲಿಂದಲೇ ಆರಿಸುತ್ತದೆ. ಉಪ್ಪು ಮೇಲೆ ಕೂಡುತ್ತದೆ. ಮಲಪ್ರಭಾ ಕಾಲುವೆ ನೀರು ಬಂದ ಮೇಲೆ ಬಸಿಗಾಲುವೆ ಇಲ್ಲದ ಹೊಲಗಳು ಸವಳಾದದ್ದು ಅಲ್ಲಿನ ರೈತರಿಗೆ ಗೊತ್ತಿರುವ ಸಂಗತಿ. ಹೊಲಕ್ಕೆ ಆದದ್ದೇ ಆ ನೆಲದ ಮೇಲೆ ನಿಂತ ಗೋಡೆಗೂ ಆಗುತ್ತದೆ: ಇಟ್ಟಿಗೆಯ ಸಣ್ಣ ರಂಧ್ರಗಳು ದೀಪದ ಬತ್ತಿ ಎಣ್ಣೆ ಎಳೆದಂತೆ ನೆಲದ ನೀರನ್ನು ಮೇಲಕ್ಕೆಳೆಯುತ್ತವೆ, ಸಾಮಾನ್ಯವಾಗಿ ಒಂದು ಮೀಟರಿನಿಂದ ಒಂದೂವರೆ ಮೀಟರಿನವರೆಗೆ.

ಎರಡನೆಯದು ಇಟ್ಟಿಗೆಯೇ. ಮಣ್ಣಿನಲ್ಲಿದ್ದ ಗಂಧಕ, ಸುಡಲು ಬಳಸಿದ ಕಲ್ಲಿದ್ದಲಿನ ಗಂಧಕ ಸಲ್ಫೇಟಾಗಿ ಇಟ್ಟಿಗೆಯಲ್ಲಿ ಉಳಿಯುತ್ತದೆ. ಭಟ್ಟಿಯಲ್ಲಿ ಚೆನ್ನಾಗಿ ಬೆಂದ ಇಟ್ಟಿಗೆಯಲ್ಲಿ ಅದು ಕಡಿಮೆ. ಅಂಚಿನಲ್ಲಿದ್ದು ಅರೆಬೆಂದ, ಮಸುಕು ಕಿತ್ತಳೆ ಬಣ್ಣದ ಇಟ್ಟಿಗೆಯಲ್ಲಿ ಹೆಚ್ಚು.

ಮೂರನೆಯದು ಸಿಮೆಂಟ್. ಅದು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ನೀರಿನ ಜೊತೆ ಹೊರಗೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಕಾರ್ಬೊನೇಟ್ ಆಗುತ್ತದೆ. ನಾಲ್ಕನೆಯದು ಕಟ್ಟುವಾಗ, ಕ್ಯೂರಿಂಗ್ ಮಾಡುವಾಗ (ಸಿಮೆಂಟ್ ಗಟ್ಟಿಯಾಗಲೆಂದು ನೀರುಣಿಸುವಾಗ) ಹಾಕಿದ ನೀರು. ಐದನೆಯದು ಹಳೆಯ ಮನೆಗಳಿಗೆ ಸೇರಿದ್ದು: ಮನೆಯೊಳಗೇ ದನ ಕಟ್ಟುತ್ತಿದ್ದ ಕಡೆ ಗಂಜಲ ಇಂಗಿ ಗೋಡೆಯಲ್ಲಿ ನೈಟ್ರೇಟ್ ತುಂಬಿರುತ್ತದೆ. ದನ ಹೋಗಿ ಎಷ್ಟೋ ವರ್ಷವಾಗಿ, ಕೊಟ್ಟಿಗೆ ಮಲಗುವ ಕೋಣೆಯಾಗಿದ್ದರೂ ಆ ಗೋಡೆ ಮಾತ್ರ ಒದ್ದೆಯಾಗುತ್ತಲೇ ಇರುತ್ತದೆ.

ಬೋರ್‌ವೆಲ್ ನೀರಲ್ಲಿ ಮನೆ ಕಟ್ಟಿದರೆ ಅಷ್ಟು ವ್ಯತ್ಯಾಸವಾಗುತ್ತದೆಯೇ?

ಲೆಕ್ಕ ಹಾಕಿ ನೋಡಿ. ಮೂರು ಕೆ.ಜಿ. ತೂಕದ ಇಟ್ಟಿಗೆ ಶೇ 15ರಷ್ಟು ನೀರು ಹೀರಿದರೆ 450 ಮಿ.ಲೀ. ನೀರಿನ ಟಿಡಿಎಸ್ 2000 ಇದ್ದರೆ, ಅಂದರೆ ಲೀಟರಿಗೆ 2 ಗ್ರಾಂ ಕರಗಿದ ಲವಣ ಇದ್ದರೆ, ಒಂದು ಸಲ ನೆನೆಸಿದ ಇಟ್ಟಿಗೆಯೊಳಗೆ 0.9 ಗ್ರಾಂ ಉಪ್ಪು ಹೋಯಿತು. ಹತ್ತು ಸಾವಿರ ಇಟ್ಟಿಗೆಗೆ 9 ಕೆ.ಜಿ. ಇದು ನೆನೆಸುವುದಕ್ಕೆ ಮಾತ್ರ. ಮೇಲೆ ಏಳೆಂಟು ದಿನ, ದಿನಕ್ಕೆ ಎರಡು-ಮೂರು ಸಲ ಕ್ಯೂರಿಂಗ್. ಪ್ರತಿ ಸಲ ನೀರು ಆರುತ್ತದೆ, ಉಪ್ಪು ಆರುವುದಿಲ್ಲ.

ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಅಜೈವಿಕ ಘನ ಪದಾರ್ಥ ಲೀಟರಿಗೆ 3000 ಮಿ.ಗ್ರಾಂ, ಸಲ್ಫೇಟ್ 400 ಮಿ.ಗ್ರಾಂ, ಕಬ್ಬಿಣ ಹಾಕಿದ ಕಾಂಕ್ರೀಟಾದರೆ ಕ್ಲೋರೈಡ್ 500 ಮಿ.ಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕೆಳಗಿರಬಾರದು. ಈ ಮಿತಿ ಕಾಂಕ್ರೀಟಿನ ಗಟ್ಟಿತನ, ಬಾಳಿಕೆಯನ್ನು ಕಾಯಲು ಇರುವುದು. ಟಿಡಿಎಸ್ 2500 ಇರುವ ನೀರು ಆ ಪರೀಕ್ಷೆ ಪಾಸಾದರೂ ಇಟ್ಟಿಗೆ ಗೋಡೆಯನ್ನು ಬಿಳಿ ಮಾಡಬಲ್ಲದು. ನಮ್ಮ ಸಲಹೆ: ಟಿಡಿಎಸ್ 1000 ದಾಟಿದ ನೀರನ್ನು ಇಟ್ಟಿಗೆ ನೆನೆಸಲು, ಗೋಡೆ ಕ್ಯೂರಿಂಗಿಗೆ ಬಳಸಬೇಡಿ. ಅವಳಿ ನಗರದಲ್ಲಿ ಮಲಪ್ರಭಾ ನೀರು, ಗದಗ ಮತ್ತು ಹಾವೇರಿ ಕಡೆ ತುಂಗಭದ್ರಾ ನೀರು ಸಿಕ್ಕರೆ ಅದನ್ನು ಇದಕ್ಕೆಂದೇ ಎತ್ತಿಡಿ. ಎರಡನೇ ಆಯ್ಕೆ ಮಳೆನೀರು. ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಟ್ಯಾಂಕರ್ ಬಂದಾಗ ಪೈಪಿನ ಬಾಯಿಗೇ ಹಿಡಿದು ನೋಡಬಹುದು.

ಇಟ್ಟಿಗೆ ಕೊಳ್ಳುವ ಮುಂಚೆ ಪರೀಕ್ಷೆ ಮಾಡಬಹುದೇ?

ಮಾಡಲೇಬೇಕು, ಮನೆಯಲ್ಲೇ ಆಗುತ್ತದೆ. ಐಎಸ್ 3495ರ ಮೂರನೇ ಭಾಗದ ವಿಧಾನ ಇದು: ರಾಶಿಯ ಬೇರೆ ಬೇರೆ ಕಡೆಯಿಂದ ಐದು ಇಟ್ಟಿಗೆ ಆರಿಸಿ. ಅಗಲವಾದ ತಟ್ಟೆಯಲ್ಲಿ ಒಂದೊಂದನ್ನೂ ತುದಿಯ ಮೇಲೆ ನಿಲ್ಲಿಸಿ, 25 ಮಿ.ಮೀ. ಮುಳುಗುವಷ್ಟು ಬಟ್ಟಿ ಇಳಿಸಿದ ನೀರು ಹಾಕಿ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ನಲ್ಲಿ ನೀರು ಹಾಕಿದರೆ ಪರೀಕ್ಷೆಯಾಗುವುದು ನಲ್ಲಿಯದು, ಇಟ್ಟಿಗೆಯದಲ್ಲ. ಗಾಳಿಯಾಡುವ ಕೋಣೆಯಲ್ಲಿ ನೀರೆಲ್ಲ ಹೀರಿ ಆರುವವರೆಗೆ ಬಿಡಿ. ಮತ್ತೊಮ್ಮೆ ಅಷ್ಟೇ ನೀರು ಹಾಕಿ ಆರಿಸಿ. ಆಮೇಲೆ ನೋಡಿ.

ಬಿಳಿ ಏನೂ ಕಾಣದಿದ್ದರೆ ಉತ್ತಮ. ಮೈಯ ಶೇ 10ರೊಳಗೆ ತೆಳು ಪದರ ಇದ್ದರೆ ಸ್ವಲ್ಪ, ಶೇ 50ರವರೆಗೆ ಇದ್ದು ಪುಡಿ ಉದುರದಿದ್ದರೆ ಮಧ್ಯಮ, ಅದಕ್ಕೂ ಮೀರಿದರೆ ಭಾರಿ. ದಪ್ಪ ಪದರದ ಜೊತೆ ಇಟ್ಟಿಗೆಯ ಮೈಯೇ ಪುಡಿಯಾಗಿ, ಸಿಪ್ಪೆಯಾಗಿ ಎದ್ದರೆ ಅದು ಗಂಭೀರ. ಐಎಸ್ 1077 ಪ್ರಕಾರ ಗಟ್ಟಿತನದಲ್ಲಿ 12.5 ವರ್ಗದವರೆಗಿನ ಇಟ್ಟಿಗೆಯಲ್ಲಿ ‘ಮಧ್ಯಮ’ಕ್ಕಿಂತ, ಅದಕ್ಕೂ ಮೇಲಿನ ವರ್ಗದಲ್ಲಿ ‘ಸ್ವಲ್ಪ’ಕ್ಕಿಂತ ಹೆಚ್ಚಿರಕೂಡದು. ಪ್ಲಾಸ್ಟರ್ ಇಲ್ಲದೆ ಇಟ್ಟಿಗೆಯನ್ನೇ ತೋರಿಸುವ ಗೋಡೆ ಕಟ್ಟುವುದಾದರೆ ‘ಮಧ್ಯಮ’ವನ್ನೂ ವಾಪಸ್ ಕಳಿಸಿ.

ನೆನೆಸಿದಾಗ ಇಟ್ಟಿಗೆಯಲ್ಲಿ ಬಟಾಣಿಯಷ್ಟು ಬಿಳಿ ಹರಳು ಸಿಡಿದು ಗುಳಿ ಬಿದ್ದರೆ ಅದು ಬೇರೆ ರೋಗ. ಮಣ್ಣಿನಲ್ಲಿದ್ದ ಸುಣ್ಣದ ಹರಳು ಭಟ್ಟಿಯಲ್ಲಿ ಸುಟ್ಟ ಸುಣ್ಣವಾಗಿ, ನೀರು ಸಿಕ್ಕೊಡನೆ ಅರಳಿದೆ. ಎರಿ ಮಣ್ಣು ಬೆರೆಸಿದ ಇಟ್ಟಿಗೆಯಲ್ಲಿ ಇದು ಕಾಣುತ್ತದೆ. ಅದನ್ನೂ ಕೊಳ್ಳಬೇಡಿ.

ಉಸುಕಿನಲ್ಲೂ ಉಪ್ಪಿರುತ್ತದೆಯೇ?

ಹೊಳೆಯ ಉಸುಕಿನಲ್ಲಿ ಸಾಮಾನ್ಯವಾಗಿ ಇಲ್ಲ. ಎರಿ ಸೀಮೆಯ ಹಳ್ಳದ ಉಸುಕಿನಲ್ಲಿ ಇರಬಹುದು. ಒಂದು ಲೋಟ ಉಸುಕಿಗೆ ಎರಡು ಲೋಟ ಬ್ಯಾಟರಿ ನೀರು ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿನೀರಿಗೆ ಟಿಡಿಎಸ್ ಮೀಟರ್ ಅದ್ದಿ. ಕೆಲವು ನೂರಕ್ಕೆ ಏರಿದರೆ ತೊಳೆಯದೆ ಬಳಸಬೇಡಿ. ಎಂ-ಸ್ಯಾಂಡಿನಲ್ಲಿ ಉಪ್ಪಿನ ಭಯ ಕಡಿಮೆ, ಸವಳು ನೀರಲ್ಲಿ ತೊಳೆದಿರದಿದ್ದರೆ.

ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದು ಹೇಗೆ?

ಬಿಳಿ ಗುರುತಿನ ಆಕಾರವೇ ಅರ್ಧ ಹೇಳುತ್ತದೆ. ಬುಡದಿಂದ ಮೇಲಕ್ಕೆ ಒಂದೇ ಎತ್ತರದಲ್ಲಿ, ಉದ್ದಕ್ಕೂ ಅಲೆಯ ಗೆರೆಯಂತೆ ನಿಂತಿದ್ದರೆ ನೆಲದ ತೇವ. ಗೋಡೆಯ ನಡುವೆ ಒಂದು ಮಚ್ಚೆಯಂತೆ ಇದ್ದರೆ ಒಳಗಿನ ಪೈಪು. ಆಚೆ ಬದಿಗೆ ಬಚ್ಚಲೋ ಸಿಂಕೋ ಇದೆಯೇ ನೋಡಿ. ಕಿಟಕಿಯ ಕೆಳಮೂಲೆಗಳಲ್ಲಿ ಇದ್ದರೆ ಕಿಟಕಿ ಕಲ್ಲಿನ ಅಡಿ ನೀರು ಕಡಿದು ಬೀಳಿಸುವ ಗೆರೆ ಕೊರೆದಿಲ್ಲ. ಮೇಲಿಂದ ಕೆಳಕ್ಕೆ ನಾಲಿಗೆಯಂತೆ ಇಳಿದಿದ್ದರೆ ಮಾಳಿಗೆ, ಪ್ಯಾರಾಪೆಟ್ ಅಥವಾ ಮಳೆನೀರಿನ ಕೊಳವೆ. ಪಡುವಣ ಗೋಡೆಗೆ ಮಾತ್ರ ಇದ್ದರೆ ಎರಚಲು ಮಳೆ. ಹಾನಗಲ್ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಗೋಡೆಯೊಳಗಿನ ತೇವವೋ, ಕೋಣೆಯ ಗಾಳಿಯ ತೇವವೋ ಎಂಬ ಅನುಮಾನವಿದ್ದರೆ 45 ಸೆ.ಮೀ. ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. 24ರಿಂದ 48 ಗಂಟೆ ಬಿಟ್ಟು ಬಿಚ್ಚಿ. ಹಾಳೆಯ ಹಿಂಬದಿಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯದು, ಮುಂಬದಿಯಲ್ಲಿದ್ದರೆ ಕೋಣೆಯದು. ನಲ್ಲಿ ಪೈಪಿನ ಅನುಮಾನಕ್ಕೆ ಇನ್ನೂ ಸುಲಭ: ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೇಲಿನ ಟ್ಯಾಂಕಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ನೋಡಿ.

ಪೇಟೆಯಲ್ಲಿ ಬಿಟ್ಟುಹೋಗುವ ಒಂದು ಕಾರಣವಿದೆ. ಓಣಿಯ ರಸ್ತೆಯ ಮೇಲೆ ರಸ್ತೆ ಬಿದ್ದು, ಮೊದಲು ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆ ಈಗ ಒಂದು ಮೆಟ್ಟಿಲಿಗೆ ಬಂದಿರುತ್ತದೆ. ನೆಲದ ತೇವ ಹತ್ತದಂತೆ ಗೋಡೆಯ ಬುಡದಲ್ಲಿ ಹಾಕಿದ್ದ ತೇವತಡೆ ಪಟ್ಟಿ ಹೊರಗಿನ ನೆಲಮಟ್ಟದ ಕೆಳಗೆ ಹೂತುಹೋಗಿದೆ. ಒಳಗೆ ಎಷ್ಟು ಡಬ್ಬಿ ಬಳಿದರೂ ಏನೂ ಆಗುವುದಿಲ್ಲ.

ನೆಲದ ತೇವಕ್ಕೆ ಹೊರಗಿನಿಂದ ಏನು ಮಾಡಬಹುದು?

ಖರ್ಚು ಕಡಿಮೆ, ಫಲ ಹೆಚ್ಚು ಇರುವುದು ಇಲ್ಲೇ. ಗೋಡೆಗೆ ತಾಗಿ ಗುಡ್ಡೆ ಹಾಕಿದ ಮಣ್ಣು, ಹೂಕುಂಡ, ತುಳಸಿಕಟ್ಟೆಯ ಪಕ್ಕದ ಪಾತಿ ತೆಗೆಯಿರಿ. ನೆಲಮಟ್ಟ ತೇವತಡೆ ಪಟ್ಟಿಗಿಂತ ಕನಿಷ್ಠ 150 ಮಿ.ಮೀ. ಕೆಳಗಿರಲಿ. ಮನೆ ಸುತ್ತ 75 ಸೆ.ಮೀ.ಯಿಂದ ಒಂದು ಮೀಟರ್ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿ, ಹೊರಕ್ಕೆ ಮೀಟರಿಗೆ 25ರಿಂದ 30 ಮಿ.ಮೀ. ಇಳಿಜಾರು ಕೊಡಿ.

ಎರಿ ನೆಲದಲ್ಲಿ ಈ ಪಟ್ಟಿ ಒಂದೇ ವರ್ಷದಲ್ಲಿ ಗೋಡೆಯಿಂದ ಬಿರಿದು ನಿಲ್ಲುತ್ತದೆ. ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದಲ್ಲ. ಬಿರುಕಿನಲ್ಲಿ ಇಳಿದ ನೀರು ನೇರ ಪಾಯಾಕ್ಕೆ. ಆದ್ದರಿಂದ ಕಾಂಕ್ರೀಟಿನ ಕೆಳಗೆ 20-30 ಸೆ.ಮೀ. ಎರಿ ಮಣ್ಣು ತೆಗೆದು ಗರಸು (ಒರಟು ಜಲ್ಲಿಮಣ್ಣು) ತುಂಬಿ ಕುಟ್ಟಿ. ಪಟ್ಟಿಯನ್ನು ಒಂದೂವರೆ ಮೀಟರಿಗೊಂದು ತುಂಡಾಗಿ ಹಾಕಿ. ಗೋಡೆ-ಪಟ್ಟಿ ಕೂಡುವಲ್ಲಿ 12 ಮಿ.ಮೀ. ಸಂದು ಬಿಟ್ಟು ಬಿಟುಮೆನ್ ಅಥವಾ ಪಾಲಿಸಲ್ಫೈಡ್ ಸೀಲಂಟ್ ತುಂಬಿ. ಸಿಮೆಂಟ್ ತುಂಬಿದರೆ ಮತ್ತೆ ಬಿರಿಯುತ್ತದೆ.

ಇನ್ನೊಂದು ಕಳ್ಳದಾರಿ ಹೊರಗಿನ ಪ್ಲಾಸ್ಟರ್. ಗೌಂಡಿ ಚೆಂದ ಕಾಣಲೆಂದು ಅದನ್ನು ನೆಲದವರೆಗೆ ಎಳೆದಿರುತ್ತಾನೆ. ತೇವ ಪಟ್ಟಿಯನ್ನು ಬಳಸಿಕೊಂಡು ಪ್ಲಾಸ್ಟರಿನೊಳಗೆ ಹತ್ತುತ್ತದೆ. ಪಟ್ಟಿಯ ಮಟ್ಟದಲ್ಲಿ ಪ್ಲಾಸ್ಟರಿಗೆ ಇಟ್ಟಿಗೆ ಕಾಣುವಷ್ಟು ಆಳದ ಗೆರೆ ಕೊಯ್ದು ಬಿಟ್ಟರೆ ಆ ದಾರಿ ಕಡಿಯುತ್ತದೆ.

ಗೋಡೆಗೆ ರಂಧ್ರ ಕೊರೆದು ಕೆಮಿಕಲ್ ತುಂಬುತ್ತಾರಲ್ಲ, ಅದು ಕೆಲಸ ಮಾಡುತ್ತದೆಯೇ?

ಸಿಮೆಂಟ್ ಗಾರೆಯ ಇಟ್ಟಿಗೆ ಗೋಡೆಯಲ್ಲಿ, ಸರಿಯಾಗಿ ಮಾಡಿದರೆ, ಹೌದು. ಹೊರನೆಲದಿಂದ 150 ಮಿ.ಮೀ. ಮೇಲೆ, ಗಾರೆಯ ಒಂದೇ ಅಡ್ಡಗೆರೆಯಲ್ಲಿ, 12 ಮಿ.ಮೀ. ರಂಧ್ರಗಳು, ನಡುವೆ 100ರಿಂದ 120 ಮಿ.ಮೀ. ಅಂತರ, ಆಚೆ ಮೈಗೆ ಸುಮಾರು 40 ಮಿ.ಮೀ. ಉಳಿಯುವಷ್ಟು ಆಳ. ಧೂಳು ಊದಿ ತೆಗೆದು, ನೀರು ತಡೆಯುವ ಸೈಲೇನ್ ಕ್ರೀಮ್ ತುಂಬಬೇಕು. ಒಂದು ಮೂಲೆ ಬಿಟ್ಟರೂ ತೇವ ಅಲ್ಲಿಂದ ಹತ್ತುತ್ತದೆ.

ಮಣ್ಣಿನ ಗಾರೆಯ ಕಲ್ಲುಗೋಡೆಯಲ್ಲಿ ಇದಕ್ಕೆ ದುಡ್ಡು ಹಾಕಬೇಡಿ. ಒಂದೂವರೆ-ಎರಡು ಅಡಿ ದಪ್ಪದ ಗೋಡೆ, ನಡುವೆ ಚಕ್ಕೆ ಕಲ್ಲು, ಮಣ್ಣು, ಪೊಳ್ಳು. ಕ್ರೀಮ್ ಎಲ್ಲಿ ಹೋಯಿತು ಎಂದು ತುಂಬಿದವನಿಗೂ ಗೊತ್ತಾಗುವುದಿಲ್ಲ.

ಕೆಲಸ ಸರಿಯಾಗಿ ಆದರೂ ಮೇಲಿನ ಗೋಡೆಯಲ್ಲಿ ಹಳೆಯ ನೀರು, ಹಳೆಯ ಉಪ್ಪು ಇದ್ದೇ ಇರುತ್ತದೆ. ಗೋಡೆ ಒಣಗಲು ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಹಿಡಿಯಬೇಕು. ಒಂಬತ್ತು ಇಂಚಿನ ಗೋಡೆಗೆ ಒಂಬತ್ತು ತಿಂಗಳು. ಆ ಅವಧಿಯಲ್ಲಿ ಬಿಳಿ ಪುಡಿ ಮೊದಲಿಗಿಂತ ಹೆಚ್ಚೇ ಬರಬಹುದು. ಅದು ಒಣಗುತ್ತಿರುವ ಲಕ್ಷಣ, ಕೆಲಸ ಕೆಟ್ಟ ಲಕ್ಷಣವಲ್ಲ.

ಉಪ್ಪು ತೆಗೆಯುವ ಸರಿಯಾದ ವಿಧಾನ ಯಾವುದು?

ಮೊದಲು ಒಣ ಬ್ರಷ್. ನೈಲಾನ್ ಅಥವಾ ತೆಂಗಿನ ನಾರಿನ ಬ್ರಷ್ ಸಾಕು. ತಂತಿ ಬ್ರಷ್ ಇಟ್ಟಿಗೆಯ ಬೆಂದ ಮೈಯನ್ನೇ ಕೆರೆದು ಒಳಗಿನ ಮೆತ್ತನೆ ಭಾಗ ತೆರೆಯುತ್ತದೆ, ಅದರ ತುಣುಕು ಉಳಿದು ತುಕ್ಕಿನ ಕಲೆಯೂ ಆಗುತ್ತದೆ. ಬುಡಕ್ಕೆ ಹಾಳೆ ಹಾಸಿ, ಉದುರಿದ ಪುಡಿಯನ್ನು ಗೋಡೆಯಿಂದ ದೂರ ಚೆಲ್ಲಿ. ಅಲ್ಲೇ ಬಿಟ್ಟರೆ ಮುಂದಿನ ಮಳೆಗೆ ಕರಗಿ ಅದೇ ಗೋಡೆಗೆ ಹತ್ತುತ್ತದೆ. ಒಣಗಾಲದಲ್ಲಿ ವಾರಕ್ಕೊಮ್ಮೆ ಮಾಡಿ, ಬರುವುದು ಕಡಿಮೆಯಾಗುವವರೆಗೆ.

ಪೈಪ್ ಹಿಡಿದು ತೊಳೆಯಬೇಡಿ. ಬಿಳುಪು ತಕ್ಷಣ ಹೋಗುತ್ತದೆ, ಕರಗಿದ ಉಪ್ಪು ಒಳಗೆ ಹೋಗುತ್ತದೆ, ಹದಿನೈದು ದಿನಕ್ಕೆ ಹಿಂದಿರುಗುತ್ತದೆ.

ಬ್ರಷ್ಷಿಗೆ ಬಗ್ಗದಿದ್ದರೆ ಲೇಪ ಹಾಕಿ. ಬಿಳಿ ಜೇಡಿ ಒಂದು ಪಾಲು, ತೊಳೆದ ನುಣ್ಣನೆ ಉಸುಕು ಎರಡು ಪಾಲು, ಮುದ್ರಣವಿಲ್ಲದ ಬಿಳಿ ಕಾಗದ ನೆನೆಸಿ ಅರೆದ ತಿರುಳು ಒಂದು ಪಾಲು. ಬ್ಯಾಟರಿ ನೀರಿನಲ್ಲಿ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ. ಗೋಡೆಯನ್ನು ಸ್ವಲ್ಪ ಒದ್ದೆ ಮಾಡಿ 10ರಿಂದ 20 ಮಿ.ಮೀ. ದಪ್ಪ ಮೆತ್ತಿ. ಒಂದರಿಂದ ಮೂರು ವಾರಕ್ಕೆ ಒಣಗಿ ಬಿಡುತ್ತದೆ, ಉಪ್ಪು ಲೇಪದಲ್ಲಿರುತ್ತದೆ. ತೆಗೆದ ಲೇಪದಲ್ಲಿ 100 ಗ್ರಾಂ ತೂಗಿ ಒಂದು ಲೀಟರ್ ಬ್ಯಾಟರಿ ನೀರಿನಲ್ಲಿ ಕಲಕಿ ಟಿಡಿಎಸ್ ಬರೆದಿಡಿ. ಎರಡನೇ, ಮೂರನೇ ಲೇಪದಲ್ಲಿ ಸಂಖ್ಯೆ ಇಳಿಯುತ್ತಿದ್ದರೆ ಉಪ್ಪು ಕಡಿಮೆಯಾಗುತ್ತಿದೆ. ಇಳಿಯದಿದ್ದರೆ ನೀರು ಇನ್ನೂ ಹೊಸ ಉಪ್ಪು ತರುತ್ತಿದೆ. ಲೇಪ ನಿಲ್ಲಿಸಿ, ಮತ್ತೆ ನೀರಿನ ಹಿಂದೆ ಹೋಗಿ.

ಆಸಿಡ್ ಹಾಕಿದರೆ ಹೋಗುವುದಿಲ್ಲವೇ?

ಕಾರ್ಬೊನೇಟಿನ ಗಟ್ಟಿ ಪೊರೆಗೆ ಮಾತ್ರ ಹೋಗುತ್ತದೆ. ಸಲ್ಫೇಟ್, ಕ್ಲೋರೈಡ್, ನೈಟ್ರೇಟಿಗೆ ಆಸಿಡ್ ವ್ಯರ್ಥ, ಮೇಲಾಗಿ ಹೊಸ ಕ್ಲೋರೈಡ್ ಸೇರಿಸುತ್ತದೆ. ಬಳಸಲೇಬೇಕಾದರೆ ಮೊದಲು ಸಿಟ್ರಿಕ್ ಆಸಿಡ್, ಲೀಟರ್ ನೀರಿಗೆ 50ರಿಂದ 100 ಗ್ರಾಂ. ಆಗದಿದ್ದರೆ ಹೈಡ್ರೋಕ್ಲೋರಿಕ್: ಅಂಗಡಿಯ ಆಸಿಡ್ ಒಂದು ಪಾಲು, ನೀರು ಹತ್ತರಿಂದ ಇಪ್ಪತ್ತು ಪಾಲು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಿ, ಇಲ್ಲದಿದ್ದರೆ ಆಸಿಡ್ ಒಳಗೆ ಹೀರಿಹೋಗುತ್ತದೆ. ಒಂದು ಸಲಕ್ಕೆ ಒಂದು ಚದರ ಮೀಟರ್, ಮೂರರಿಂದ ಐದು ನಿಮಿಷ, ಉಜ್ಜಿ, ಧಾರಾಳ ನೀರಲ್ಲಿ ತೊಳೆಯಿರಿ. ರಬ್ಬರ್ ಕೈಗವಸು, ಕನ್ನಡಕ ಬೇಕು. ಬ್ಲೀಚಿಂಗ್ ಪುಡಿ ಹತ್ತಿರವೂ ಇರಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಶಹಾಬಾದ್ ಫರಸಿ, ಅಮೃತಶಿಲೆ, ಸುಣ್ಣದ ಗಿಲಾವು, ಕಬ್ಬಿಣ ಕಾಣುವ ಬಿರುಕಿನ ಕಾಂಕ್ರೀಟ್, ಇವಕ್ಕೆ ಆಸಿಡ್ ಬೇಡವೇ ಬೇಡ. ಶಹಾಬಾದ್ ಕಲ್ಲೇ ಸುಣ್ಣಕಲ್ಲು. ಬಿಳುಪಿನ ಜೊತೆ ಹೊಳಪೂ ಹೋಗುತ್ತದೆ.

ಡ್ಯಾಂಪ್‌ಪ್ರೂಫ್ ಪೇಂಟ್, ಪುಟ್ಟಿ, ಟೈಲ್ಸ್ ಹಚ್ಚಿ ಮುಚ್ಚಿಬಿಟ್ಟರೆ?

ತೇವ ಇರುವ ಗೋಡೆಯ ಬಾಯಿ ಮುಚ್ಚಿದರೆ ಅದು ಮೇಲಕ್ಕೆ ದಾರಿ ಹುಡುಕುತ್ತದೆ. ಮೂರು ಅಡಿ ಟೈಲ್ಸ್ ಹಚ್ಚಿದ ಗೋಡೆಯಲ್ಲಿ ನಾಲ್ಕನೇ ಅಡಿಗೆ ಉಪ್ಪು ಏಳುವುದು ಇದಕ್ಕೇ. ಅಕ್ರಿಲಿಕ್ ಪುಟ್ಟಿ ಗುಳ್ಳೆಯಾಗಿ ಎದ್ದು ಬೀಳುತ್ತದೆ. ಸೈಲೇನ್-ಸೈಲಾಕ್ಸೇನ್ ನೀರುನಿರೋಧಕ ಒಳ್ಳೆಯ ವಸ್ತು, ಆದರೆ ಉಪ್ಪು ತೆಗೆದ, ಒಣಗಿದ ಗೋಡೆಗೆ. ಉಪ್ಪಿರುವಾಗ ಹಚ್ಚಿದರೆ ಹರಳು ಆ ಪದರದ ಹಿಂದೆ ಬೆಳೆದು ಇಟ್ಟಿಗೆಯ ಮೈಯನ್ನೇ ತಳ್ಳುತ್ತದೆ. ಪಿಒಪಿ, ಜಿಪ್ಸಂ ಪ್ಲಾಸ್ಟರ್ ಒದ್ದೆ ಗೋಡೆಗೆ ಬೇಡ. ಅದೇ ಒಂದು ಸಲ್ಫೇಟ್.

ಹಳೆ ಗೋಡೆಗೆ ಒಗ್ಗುವುದು ಉಸಿರಾಡುವ ಸುಣ್ಣ. ಹಾಳಾದ ಪ್ಲಾಸ್ಟರನ್ನು ಬಿಳಿ ಗೆರೆಗಿಂತ 30-45 ಸೆ.ಮೀ. ಮೇಲಿನವರೆಗೆ ಕಿತ್ತು, ಸಂದುಗಳನ್ನು 15 ಮಿ.ಮೀ. ಕೆರೆದು, ಸುಣ್ಣ ಒಂದು ಪಾಲು, ಉಸುಕು ಮೂರು ಪಾಲಿನ ಗಿಲಾವು 12 ಮಿ.ಮೀ. ಹಚ್ಚಿ. ಕೆಲವು ವರ್ಷಕ್ಕೆ ಇದೂ ಉಪ್ಪು ತುಂಬಿ ಉದುರುತ್ತದೆ. ಅದು ಉದುರಲೆಂದೇ ಇರುವುದು: ಇಟ್ಟಿಗೆ ಉಳಿಯುತ್ತದೆ, ಗಿಲಾವು ಬದಲಿಸಬಹುದು. ಮೇಲೆ ಸುಣ್ಣ: ಸುಟ್ಟ ಸುಣ್ಣ 1 ಕೆ.ಜಿ.ಗೆ 5 ಲೀಟರ್ ನೀರು, 24 ಗಂಟೆ ನೆನೆ, ಬಟ್ಟೆಯಲ್ಲಿ ಸೋಸು, ತೆಳುವಾಗಿ ಮೂರು ಕೈ. ಸುಣ್ಣ ಹಿಡಿಯಲೆಂದು ಮುಷ್ಟಿ ಅಡುಗೆ ಉಪ್ಪು ಹಾಕುವ ರೂಢಿಯನ್ನು ಈ ಗೋಡೆಗೆ ಮಾತ್ರ ಬಿಡಿ.

ನಮ್ಮದು ಮೇಲ್ಮುದ್ದೆಯ (ಮೇಲೆ ಮಣ್ಣು ಹೊದಿಸಿದ) ಮಾಳಿಗೆ ಮನೆ. ಉಪ್ಪು ಮೇಲಿಂದ ಇಳಿಯುತ್ತಿದೆ.

ಗದಗ, ನವಲಗುಂದ, ರೋಣದ ಮಾಳಿಗೆಗೆ ಹಾಕುವುದೇ ಸವಳು ಮಣ್ಣು, ಅದೂ ಬುದ್ಧಿವಂತಿಕೆಯಿಂದ. ಸೋಡಿಯಂ ಹೆಚ್ಚಿರುವ ಜೇಡಿ ನೀರು ತಾಗಿದಾಗ ಚದುರಿ ರಂಧ್ರಗಳನ್ನು ಕಟ್ಟಿಬಿಡುತ್ತದೆ, ನೀರು ಒಳಗಿಳಿಯುವುದಿಲ್ಲ. ತೊಂದರೆ ಅಂಚಿನಲ್ಲಿ: ಮಳೆನೀರು ಹೊರಹಾಕುವ ದೋಣಿ ಸಣ್ಣದಾದರೆ, ಮಣ್ಣು ಕೊಚ್ಚಿ ಗೋಡೆಯ ತಲೆಗೆ ಬಂದರೆ, ಸವಳು ನೀರು ಗೋಡೆಯೊಳಗೆ ಇಳಿಯುತ್ತದೆ. ದೋಣಿಯನ್ನು ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ಹೊರಗೆ ಚಾಚಿ. ಗೋಡೆಯ ತಲೆಗೆ ಕಲ್ಲು ಚಪ್ಪಡಿ ಹೊದಿಸಿ. ಮಳೆಗಾಲಕ್ಕೆ ಮುಂಚೆ ಮಣ್ಣನ್ನು ಇಳಿಜಾರಿಗೆ ಸರಿ ಮಾಡಿ. ಮಣ್ಣಿನ ಮೇಲೆಯೇ ಸಿಮೆಂಟ್ ಕಾಂಕ್ರೀಟ್ ಸುರಿಯುವುದು ಈಗಿನ ಚಾಳಿ. ಭಾರ ಏರುತ್ತದೆ, ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಆರಲು ಜಾಗವಿಲ್ಲದೆ ತೊಲೆ ಕೊಳೆಯುತ್ತದೆ.

ಸ್ಲ್ಯಾಬಿನ ಅಡಿ, ನೀರಿನ ಟ್ಯಾಂಕಿನ ಅಡಿ ಬಿಳಿ ಕೋಲು ಜೋತು ಬಿದ್ದಿದೆ. ಅಪಾಯವೇ?

ಅದು ಕಾಂಕ್ರೀಟಿನ ಸುಣ್ಣ, ಬಿರುಕಿನಲ್ಲಿ ನೀರು ಹಾದ ಗುರುತು. ಸಣ್ಣ ಬಿರುಕು ಈ ಸುಣ್ಣದಿಂದಲೇ ತಾನಾಗಿ ಮುಚ್ಚಿಕೊಳ್ಳುವುದೂ ಉಂಟು. ಆದರೆ ಬಿಳಿಯ ಜೊತೆ ಕಂದು ಕಲೆ ಇದ್ದರೆ ಕಬ್ಬಿಣ ತುಕ್ಕು ಹಿಡಿದಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಕೆಳಗೆ ಮಂಚ ಹಾಕಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ಬರೀ ಬಿಳಿ ಇದ್ದರೆ ರಿಪೇರಿ ಮೇಲಿಂದ: ಮಾಳಿಗೆಯ ಇಳಿಜಾರು, ನೀರು ಹೋಗುವ ಬಾಯಿ, ಆಮೇಲೆ ವಾಟರ್‌ಪ್ರೂಫಿಂಗ್. ಅಡಿಯಿಂದ ಬಳಿದದ್ದು ನಿಲ್ಲುವುದಿಲ್ಲ.

ಹೊಸ ಪೇವರ್ ಬ್ಲಾಕ್ ಬಿಳಿಯಾಗಿವೆ. ವಾಪಸ್ ಕೊಡಲೇ?

ಬೇಡ. ಇದು ಸಿಮೆಂಟಿನ ಸುಣ್ಣ, ಗಟ್ಟಿತನಕ್ಕೆ ಹಾನಿಯಿಲ್ಲ. ಒಂದೆರಡು ಮಳೆಗಾಲಕ್ಕೆ ತಾನಾಗಿ ಹೋಗುತ್ತದೆ. ಕೆಳಗೆ ನೀರು ನಿಲ್ಲುವಂತಿದ್ದರೆ ಮಾತ್ರ ಮುಂದುವರಿಯುತ್ತದೆ.

ಹೊಸ ಮನೆ ಕಟ್ಟುತ್ತಿದ್ದೇವೆ. ಗೌಂಡಿಗೆ ಏನೇನು ಹೇಳಬೇಕು?

ಪ್ಲಿಂತ್ ಮಟ್ಟದಲ್ಲಿ 40 ಮಿ.ಮೀ. ದಪ್ಪ ತೇವತಡೆ ಪಟ್ಟಿ, 1:1½:3 ಕಾಂಕ್ರೀಟ್, ಸಣ್ಣ ಜಲ್ಲಿ. ವಾಟರ್‌ಪ್ರೂಫಿಂಗ್ ದ್ರವ ಸಾಮಾನ್ಯವಾಗಿ ಚೀಲಕ್ಕೆ 200 ಮಿ.ಲೀ.; ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಒಣಗಿದ ಮೇಲೆ ಬಿಸಿ ಬಿಟುಮೆನ್ ಎರಡು ಕೈ, ಚದರ ಮೀಟರಿಗೆ ಸುಮಾರು 1.7 ಕೆ.ಜಿ. ಪಟ್ಟಿ ಗೋಡೆಯ ಪೂರ್ತಿ ಅಗಲಕ್ಕೆ ಇರಬೇಕು, ಒಳಗೋಡೆಗಳಿಗೂ ಬೇಕು. ಒಳಗೋಡೆಗೆ ಬಿಡುವುದೇ ಹೆಚ್ಚು. ಪ್ಲಿಂತ್ ಒಳಗೆ ಪಾಯಾ ತೋಡಿದ ಎರಿ ಮಣ್ಣನ್ನೇ ತುಂಬಬೇಡಿ, ಗರಸು ತುಂಬಿ, 15-20 ಸೆ.ಮೀ. ಪದರದಲ್ಲಿ ಕುಟ್ಟಿ. ಇಟ್ಟಿಗೆ ರಾಶಿಯನ್ನು ಬರಿ ನೆಲದ ಮೇಲೆ ಒಟ್ಟಬೇಡಿ, ಕೆಳಗೆ ಹಾಳೆ ಹಾಸಿ, ಮಳೆಗೆ ಮೇಲೂ ಹೊದಿಸಿ. ಸಾಧ್ಯವಿದ್ದರೆ ಹಾರುಬೂದಿಯ ಪಿಪಿಸಿ ಸಿಮೆಂಟ್. ಅದು ಹುಟ್ಟುವ ಸುಣ್ಣದ ಒಂದು ಭಾಗವನ್ನು ತಾನೇ ಬಳಸಿಕೊಳ್ಳುತ್ತದೆ. ಪ್ಲಾಸ್ಟರ್ ಆದ ಮೇಲೆ ಗೃಹಪ್ರವೇಶದ ಮುಹೂರ್ತಕ್ಕೆಂದು ಪುಟ್ಟಿ ಹಚ್ಚಲು ಓಡಬೇಡಿ; ಮುಹೂರ್ತಕ್ಕೆ ಬಿಳಿ ಸುಣ್ಣ ಸಾಕು, ಪುಟ್ಟಿ-ಬಣ್ಣ ಒಂದು ಬೇಸಿಗೆ ಕಳೆದ ಮೇಲೆ.

ಊರ ಹಳೆಯ ಗುಡಿಯ ಕಲ್ಲಿಗೆ ಬಿಳುಪು ಬಂದಿದೆ. ಊರವರೇ ತೊಳೆಯಬಹುದೇ?

ಬೇಡ. ಲಕ್ಕುಂಡಿ, ಡಂಬಳ, ಗದಗಿನ ತ್ರಿಕೂಟೇಶ್ವರದಂಥ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಕೆತ್ತನೆ ಕ್ಲೋರೈಟ್ ಶಿಸ್ಟ್ ಎಂಬ ಮೆತ್ತನೆ, ಪದರಪದರ ಕಲ್ಲಿನದು. ಆಸಿಡ್, ಮರಳು ಊದುವುದು, ಹೈ-ಪ್ರೆಶರ್ ನೀರು, ಇವುಗಳಲ್ಲಿ ಯಾವುದೇ ಒಂದು ಆ ನುಣುಪು ಕೆತ್ತನೆಯನ್ನು ಶಾಶ್ವತವಾಗಿ ತೆಗೆಯಬಲ್ಲದು. ಸಂರಕ್ಷಿತ ಸ್ಮಾರಕವಾಗಿದ್ದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅದಕ್ಕೆ ಹಾನಿ ಮಾಡುವುದು, ರೂಪ ಬದಲಿಸುವುದು ಅಪರಾಧವಾಗಬಹುದು; ಪುರಾತತ್ವ ಇಲಾಖೆಗೆ ಫೋಟೊ ಸಮೇತ ಅರ್ಜಿ ಕೊಡಿ. ಪಟ್ಟಿಯಲ್ಲಿಲ್ಲದ ಊರ ಗುಡಿಯಾದರೂ ಮಾಡಬಹುದಾದ್ದು ಎರಡೇ: ಮೇಲ್ಛಾವಣಿಯ ಗಿಡ ಕಿತ್ತು ನೀರು ಸೋರುವುದನ್ನು ನಿಲ್ಲಿಸುವುದು, ಕಲ್ಲಿನ ಸಂದಿಗೆ ಸಿಮೆಂಟ್ ಮೆತ್ತದಿರುವುದು. ಸಿಮೆಂಟ್ ಕಲ್ಲಿಗಿಂತ ಬಿಗಿ; ನೀರು ಸಂದಿನಿಂದ ಆರಲಾಗದೆ ಕಲ್ಲಿನ ಮೈಯಿಂದಲೇ ಆರಿ, ಉಪ್ಪು ಅಲ್ಲೇ ಕೂಡುತ್ತದೆ. ಸಂದಿಗೆ ಸುಣ್ಣದ ಗಾರೆ.

ಹಳೆ ಮನೆ ಕೊಳ್ಳುತ್ತಿದ್ದೇವೆ, ಆಗಷ್ಟೇ ಬಣ್ಣ ಹಚ್ಚಿದ್ದಾರೆ. ಉಪ್ಪು ಇದೆಯೇ ಎಂದು ತಿಳಿಯುವುದು ಹೇಗೆ?

ಬಣ್ಣ ಹಚ್ಚದ ಜಾಗ ನೋಡಿ: ಕಪಾಟಿನ ಹಿಂದೆ, ಮೆಟ್ಟಿಲಿನ ಅಡಿ, ಬಚ್ಚಲಿನ ಆಚೆ ಗೋಡೆ, ಮೀಟರ್ ಪೆಟ್ಟಿಗೆಯೊಳಗೆ. ಬುಡದಿಂದ ನಾಲ್ಕು ಅಡಿಯವರೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ, ಪೊಳ್ಳು ಸದ್ದು ಕೇಳಿ. ಒಂದೇ ಕೋಣೆಗೆ ಮಾತ್ರ ಹೊಸ ಟೈಲ್ಸ್ ಅಥವಾ ಮರದ ಹಲಗೆ ಹೊದಿಸಿದ್ದರೆ ಯಾಕೆ ಎಂದು ಕೇಳಿ. ಬಾಗಿಲ ಚೌಕಟ್ಟಿನ ಬುಡ ಚಾಕುವಿನಿಂದ ಚುಚ್ಚಿ. ಮೆತ್ತಗಿದ್ದರೆ ನೆಲದ ತೇವ ಇದೆ. ಮಾತು ಮುಗಿಸುವ ಮುಂಚೆ ಡಿಸೆಂಬರ್-ಜನವರಿಯಲ್ಲಿ ಇನ್ನೊಮ್ಮೆ ಹೋಗಿ ನೋಡಲು ಆದರೆ ಒಳ್ಳೆಯದು, ಆಗ ಹೊಸ ಬಣ್ಣವೂ ಮುಚ್ಚಿಡಲಾರದು.